ಆದರೆ ಎಂಬಲ್ಲಿಗೆ ನಿಂತ ಪತ್ರ

ವಿಜಯಪುರ ಜಿಲ್ಲೆಯ ಇಂಡಿ ಪೇಟೆಯ ಲಿಂಬೆ ಬಜಾರಿನಲ್ಲಿ ಗುರಪ್ಪನ ರಾಶಿಯನ್ನು ಗುರುತಿಸಲು ಹೆಸರಿನ ಹಲಗೆ ಬೇಕಿರಲಿಲ್ಲ. ರೈತರ ಮಾಲನ್ನು ದಲಾಲಿಗೆ ಮಾರಿಕೊಡುವ ಬೇರೆ ಅಡತ ಅಂಗಡಿಗಳ ಮುಂದೆ ಹೊಳೆಯುವ ಹಳದಿ ಕಾಯಿಗಳು ಮೇಲಿರುತ್ತಿದ್ದವು. ಗುರಪ್ಪನ ರಾಶಿಯ ನೆತ್ತಿಯ ಮೇಲೆ ಮಾತ್ರ ಕಲೆ ಬಿದ್ದದ್ದು, ಒತ್ತಿ ಮೆತ್ತಗಾದದ್ದು, ಮುಳ್ಳು ತಾಗಿ ಗೀರಿದ್ದು. ರೈತನ ಚೀಲ ಸುರಿದ ಕೂಡಲೇ ಅವನೇ ಕುಕ್ಕರಗಾಲಲ್ಲಿ ಕೂತು, ಕೆಟ್ಟ ಕಾಯಿಗಳನ್ನು ಆರಿಸಿ ಮೇಲಿಡುತ್ತಿದ್ದ. ಹೊಸ ಖರೀದಿದಾರ ಯಾರಾದರೂ ಮುಖ ಸಿಂಡರಿಸಿದರೆ, "ಕೆಟ್ಟದ್ದು ನೋಡೂದು ಆತಲ್ಲ? ಇನ್ನ ಕೆಳಗ ಕೈ ಹಾಕ್ರಿ. ಆಳಕ್ಕ ಹೋದಂಗ ಚಲೋ ಬರ್ತಾವ," ಎನ್ನುತ್ತಿದ್ದ. ಹರಾಜಿನ ಸವಾಲು ಮುಗಿದ ಮೇಲೆ ಅವನ ಮಾಲಿನ ಬಗ್ಗೆ ಜಗಳ ಬಂದದ್ದು ಮೂವತ್ತೈದು ವರ್ಷದಲ್ಲಿ ಒಂದೇ ಸಲ. ಆ ಒಂದು ಸಲದ ಮಾತು ಮುಂದೆ ಬರುತ್ತದೆ.

ಅವನು ತೀರಿಕೊಂಡು ಐದು ತಿಂಗಳಾಯಿತು. ಬಜಾರಿನಲ್ಲಿ ಅವನ ನೆನಪು ತೆಗೆದರೆ, "ಗುರಪ್ಪ ಯಾರಿಗೂ ಅಂಜಿದಾಂವ ಅಲ್ಲ ಬಿಡ್ರಿ," ಎನ್ನುತ್ತಾರೆ. ಅದು ಪೂರ್ತಿ ನಿಜವಲ್ಲ. ಕಡೆಯ ಎರಡು ತಿಂಗಳು ಅವನು ಅಂಜಿಕೆಯನ್ನೇ ಉಂಡು ಅಂಜಿಕೆಯನ್ನೇ ಹೊದ್ದು ಮಲಗಿದ. ಅವನನ್ನು ಹತ್ತಿರದಿಂದ ಬಲ್ಲವರಿಗೆ ಅದು ಗೊತ್ತು. ಅದನ್ನು ಬರೆಯದೆ ಅವನ ಬಗ್ಗೆ ಬೇರೆ ಏನು ಬರೆದರೂ ಮೇಲಿನ ಹೊಳೆಯುವ ಕಾಯಿ ತೋರಿಸಿದಂತೆ ಆಗುತ್ತದೆ. ಅದು ಅವನಿಗೆ ಒಪ್ಪುವ ರೀತಿ ಅಲ್ಲ.

ಸುವರ್ಣಾ ಅವನ ಅಂಗಡಿಗೆ ಸೇರಿದಾಗ ಅವಳಿಗೆ ಇಪ್ಪತ್ತೊಂದು ವರ್ಷ. ಹೊರ್ತಿಯ ಕುರಿಗಾರ ಬೀರಣ್ಣನ ಹಿರಿಯ ಮಗಳು. ಇಂಡಿಯಲ್ಲಿ ಬಿ.ಕಾಂ. ಮುಗಿಸಿ, ದಿನದ ಲೆಕ್ಕದ ಕೀರ್ದಿ ಬರೆಯಲು ಬಂದವಳು ಆರು ವರ್ಷದಲ್ಲಿ ಅಂಗಡಿಯ ನಡಿಗೆಯನ್ನೇ ಬದಲಿಸಿದಳು. ಕಾಯಿಯನ್ನು ಗಾತ್ರದ ಪ್ರಕಾರ ಬೇರೆ ಮಾಡುವ ಜಾಳಿಗೆ ಮಾಡಿಸಿದಳು. ಹೈದರಾಬಾದಿನ ಖರೀದಿದಾರರಿಗೆ ಬೆಳಗ್ಗೆ ಏಳಕ್ಕೇ ರಾಶಿಯ ವಿಡಿಯೊ ಕಳಿಸುವ ರೂಢಿ ಹಾಕಿದಳು. ವಿಡಿಯೊದಲ್ಲಿಯೂ ಕೆಟ್ಟ ಕಾಯಿ ಮೇಲೆಯೇ. ಮೊದಮೊದಲು ಅದಕ್ಕೆ ಅವಳು ಗೊಣಗುತ್ತಿದ್ದಳು. ಆಮೇಲೆ ಅವಳೂ ಹಾಗೇ ಇಡಲು ಕಲಿತಳು.

ಕಳೆದ ನವೆಂಬರಿನ ಕೊನೆಯಲ್ಲಿ ಒಂದು ದಿನ ಸವಾಲು ಮುಗಿದು ಹಮಾಲರು ಚಹಾಕ್ಕೆ ಹೋದ ಮೇಲೆ ಅವಳು ಗುರಪ್ಪನ ಗಾದಿಯ ಮುಂದೆ ಬಂದು ನಿಂತಳು.

"ಕಾಕಾರ, ನಿಮ್ಮ ಕಡಿಂದ ಒಂದ ಪತ್ರ ಬೇಕಾಗೇತ್ರಿ."

"ಯಾವುದು? ಜಾತಿದೋ, ಉತ್ಪನ್ನದ್ದೋ? ಅದಕ್ಕ ತಹಸೀಲ ಕಚೇರಿಗೆ ಹೋಗಬೇಕವ್ವಾ, ನನ್ನ ಹಂತ್ಯಾಕ ಬಂದಿ?"

"ನನ್ನ ಬಗ್ಗೆ ರಿ. ನಾ ಹೆಂಗ ಕೆಲಸ ಮಾಡ್ತೇನಿ ಅಂತ. ಐರ್ಲೆಂಡಿನ ಒಂದ ಬಿಸಿನೆಸ್ ಸ್ಕೂಲಿಗೆ ಅರ್ಜಿ ಹಾಕಾಕತ್ತೇನಿ."

ಗುರಪ್ಪ ಕನ್ನಡಕ ತೆಗೆದು ಒರೆಸಿಕೊಂಡ. "ವ್ಯಾಪಾರ ಕಲಸಾಕ ಸಾಲಿ? ಅಲ್ಲಿ ಲಿಂಬಿ ಬೆಳೀತಾವೇನ?"

"ಇಲ್ರಿ. ಬರೇ ಮಳಿ ಅಂತ. ಕುರಿ ಅದಾವಂತ, ಮಂದೀಕಿಂತ ಹೆಚ್ಚು."

"ಹಂಗಾರ ನಿಮ್ಮಪ್ಪನ್ನ ಕಳಸು. ಪರೀಕ್ಷಾ ಇಲ್ಲ, ಪತ್ರ ಇಲ್ಲ, ಹೋದ ದಿನಾನ ನೌಕರಿ."

ಅವಳು ನಗಲಿಲ್ಲ. ಎರಡು ವರ್ಷದಿಂದ ಯಾರಿಗೂ ಹೇಳದೆ ಓದಿ, ಪರೀಕ್ಷೆ ಕಟ್ಟಿ, ಅಂಕ ತೆಗೆದಿದ್ದಳು. ತನ್ನ ಬಗ್ಗೆ ತಾನೇ ಬರೆಯಬೇಕಾದ ಪ್ರಬಂಧಗಳೂ ಮುಗಿದಿದ್ದವು. ಎರಡು ಶಿಫಾರಸು ಪತ್ರ ಬೇಕಿದ್ದವು. ಒಂದನ್ನು, ಇಂಡಿಯಲ್ಲಿ ಅವಳಿಗೆ ಇಂಗ್ಲಿಷ್ ಕಲಿಸಿ ಈಗ ಸಿಂದಗಿಗೆ ವರ್ಗವಾಗಿ ಹೋಗಿರುವ ರಾಜೇಶ್ವರಿ ಮೇಡಂ ಬರೆದಿದ್ದರು. ಇನ್ನೊಂದು ಕೆಲಸ ಕೊಟ್ಟವರದೇ ಆಗಬೇಕು. ಐದು ದಿನದಲ್ಲಿ ಗಡುವು ಮುಗಿಯುತ್ತಿತ್ತು. ಮನೆಯಲ್ಲಿ ಇನ್ನೊಂದು ಗಡುವಿತ್ತು. ಮುದ್ದೇಬಿಹಾಳದ ಕಡೆ ಒಂದು ಗಂಡು ಗೊತ್ತಾಗಿತ್ತು. "ಯುಗಾದಿ ತನಕ ತಡೀತೇನಿ. ಸೀಟು ಬಂತು ಹೋಗು, ಬರಲಿಲ್ಲ, ಅಕ್ಕಿಕಾಳು," ಎಂದಿದ್ದ ಬೀರಣ್ಣ.

"ಬ್ಯಾರೆ ಯಾರನ್ನ ಕೇಳಲಿರಿ? ನಾ ಎಲ್ಲೂ ಕೆಲಸ ಮಾಡೇ ಇಲ್ಲ," ಎಂದಳು. ಮಾತಿಗೆ ಮಾತು ಕೊಡುವ ಹುಡುಗಿ, ಹೆಬ್ಬೆರಳಿನಿಂದ ಗಾದಿಯ ಅಂಚಿನ ನೂಲು ಕೀಳುತ್ತ ನಿಂತಿದ್ದಳು.

"ಒಂದ ಪತ್ರ ಹೌದಲ್ಲೋ? ಕೊಡೂಣಂತ ತಗೋ," ಎಂದ ಗುರಪ್ಪ. ಅವನು ಓದಿದ್ದು ಏಳನೇ ಇಯತ್ತೆ. ಶಿಫಾರಸು ಎಂದರೆ ಅವನ ಮಟ್ಟಿಗೆ ಫೋನು ಮಾಡಿ "ನಮ್ಮ ಮನಷ್ಯಾ ಅದಾನ ನೋಡ್ರಿ" ಎನ್ನುವುದು.

ಗುರಪ್ಪನ ಅಣ್ಣನ ಮಗ ಶ್ರೀಶೈಲ ಬಸ್‌ ನಿಲ್ದಾಣದ ಎದುರು ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದಾನೆ. ಪಹಣಿ ತೆಗೆಯುವುದು, ಅರ್ಜಿ ತುಂಬುವುದು, ಝೆರಾಕ್ಸು. ಅವನೇ ಕಾಕಾನಿಗೆ ಒಂದು ಇ-ಮೇಲ್ ಮಾಡಿಕೊಟ್ಟ. ಆ ಶಾಲೆಯವರ ನಮೂನೆ ಅದಕ್ಕೇ ಬಂತು. ನಮೂನೆಯನ್ನು ನೋಡಿದ್ದೇ ಶ್ರೀಶೈಲ, "ಕಾಕಾ, ನೀವು ತಲಿ ಕೆಡಿಸಿಕೋಬ್ಯಾಡ್ರಿ. ಎಲ್ಲಾರೂ ಮಾಡೂದು ಒಂದ ರೀತಿ. ವಿಜಯಪುರದಾಗ ಬರದು ಕೊಡೂ ಮಂದಿ ಅದಾರ. ನೀವು ಹೂಂ ಅನ್ರಿ ಸಾಕು," ಎಂದ. ಮಾದರಿಗೆಂದು ಒಂದು ಪತ್ರವನ್ನು ಕನ್ನಡ ಮಾಡಿ ಓದಿಯೂ ತೋರಿಸಿದ. ದೂರದೃಷ್ಟಿಯ ನಾಯಕಿ, ಯಾವ ಕೊರತೆಯೂ ಇಲ್ಲದ ಅಪರೂಪದ ರತ್ನ, ಹೀಗೆ ನಡೆದಿತ್ತು.

"ಇದು ಯಾರದೋ ನಿವೃತ್ತಿ ಸಮಾರಂಭದ ಮಾನಪತ್ರ," ಎಂದ ಗುರಪ್ಪ. "ಕೊರತಿ ಇಲ್ಲದ ಮಾಲು ಯಾವ ಬಜಾರದಾಗ ನೋಡೀಯೋ? ನನ್ನ ಹೆಸರಿನ್ಯಾಗ ಹೋಗೂದು ನನ್ನ ಮಾತ ಇರಬೇಕು. ನಾ ಹೇಳ್ತೇನಿ, ನೀ ಬರಕೋ."

ನಮೂನೆಯಲ್ಲಿ ಒಂದು ದೊಡ್ಡ ಚೌಕ ಇತ್ತು. ಅರ್ಜಿದಾರಳ ಬಲ ಏನು, ಕೊರತೆ ಏನು, ಕಣ್ಣಾರೆ ಕಂಡ ಒಂದು ಪ್ರಸಂಗದ ಸಮೇತ ಬರೆಯಿರಿ ಎಂದು ಅದರ ಮೇಲೆ ಕೇಳಿದ್ದರು. ಗುರಪ್ಪ ಕುರ್ಚಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿ ಹೇಳತೊಡಗಿದ. ಶ್ರೀಶೈಲ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡ. ಆ ನೋಟುಬುಕ್ಕು ಈಗಲೂ ಇದೆ.

ಅವನು ಕೆಟ್ಟದ್ದನ್ನು ಮೊದಲು ಹೇಳಿದ. ಮೂರು ವರ್ಷದ ಕೆಳಗೆ ಯಂಕಂಚಿಯ ಅಮಸಿದ್ದ ಎಂಬ ರೈತನ ಚೀಲಗಳು ಇನ್ನೊಬ್ಬನ ಗುರುತಿನಲ್ಲಿ ಮಾರಿಹೋದವು. ಒಳ್ಳೆಯ ಕಾಯಿ ಬೆಳೆದವನಿಗೆ ಕಡಿಮೆ ಧಾರಣೆ ಬಿತ್ತು. ಅಂದೇ ಸಂಜೆ ಸುವರ್ಣಾಳಿಗೆ ಅದು ತಿಳಿಯಿತು. ತಿಳಿದೂ ಮೂರು ದಿನ ಮುಚ್ಚಿಟ್ಟಳು. ಅಷ್ಟರಲ್ಲಿ ಅಮಸಿದ್ದ ಬಂದು ಅಂಗಡಿಯ ಮುಂದೆ ಕೂಗಾಡಿ ಹೋಗಿದ್ದ. ಹೆದರಿದರೆ ಈ ಹುಡುಗಿ ಬಾಯಿ ಬಿಡುವುದಿಲ್ಲ. ಸಿಟ್ಟು ಮೂಗಿನ ತುದಿಯಲ್ಲಿ. ಖರೀದಿದಾರ ಒಂದು ಅಂದರೆ ಎರಡು ಅನ್ನುತ್ತಾಳೆ. ತನಗಿಂತ ನಿಧಾನ ಇರುವವರನ್ನು ಕಂಡರೆ ತಾಳ್ಮೆ ಇಲ್ಲ. ಇದನ್ನೆಲ್ಲ ಅವನು ಒಂದೊಂದಾಗಿ, ತಾರೀಖು ವಾರ ಸಮೇತ ಹೇಳಿದ. ಆಮೇಲೆ ಕಣ್ಣು ತೆರೆದು, "ಈಗ ಕೆಳಗಿಂದು ಬರಕೋ," ಎಂದ.

"ಆದರ ಆ ಗುರುತು ತಪ್ಪಿದ್ದು ಆಕಿ ಕೈಯಿಂದ ಅಲ್ಲ. ಚೀಲದ ಮ್ಯಾಲ ಗುರುತು ಹಾಕಿದಾಂವ ನಾನು. ನನ್ನ ಕಣ್ಣಿಗೆ ಪೊರಿ ಬಂದಿತ್ತು. ನನ್ನ ಹೆಸರು ಕೆಡಬಾರದಂತ ಆಕಿ ಮುಚ್ಚಿಟ್ಟಳು. ನಾಲ್ಕನೇ ದಿನ ತಾನ ಬಸ್ ಹತ್ತಿ ಯಂಕಂಚಿಗೆ ಹೋಗಿ, ತಪ್ಪು ನಂದು ಅಂತ ಅಮಸಿದ್ದನ ಮುಂದ ನಿಂತಳು. ನನಗ ಇದು ಗೊತ್ತಿಲ್ಲ ಅಂತ ಇವತ್ತಿಗೂ ತಿಳಕೊಂಡಾಳ. ನನ್ನ ಅಂಗಡ್ಯಾಗ ಇಷ್ಟು ಕೆಳಗ ಕೈ ಹಾಕಿದಾಗ ಇಂಥ ಕಾಯಿ ಇನ್ನೊಂದು ಸಿಕ್ಕಿಲ್ಲ. ಆಕಿ ಹೋದರ ನನಗ ಹಾನಿ ಐತಿ. ಆದರೂ ನೀವು ತಗೋರಿ."

ಶ್ರೀಶೈಲ ಅದನ್ನು ಇಂಗ್ಲಿಷಿಗೆ ತಿರುಗಿಸಿ, ತಿದ್ದಿ, ಚೌಕದೊಳಗೆ ಒಂದೇ ಸಲ ಅಂಟಿಸಿದ. ಅಷ್ಟರಲ್ಲಿ ಕರೆಂಟು ಎರಡು ಸಲ ಹೋಗಿ ಬಂದಿತ್ತು. ಮತ್ತೆ ಹೋಗುವ ಮೊದಲು ಮುಗಿಯಲಿ ಎಂದು ಕಳಿಸುವ ಗುಂಡಿ ಒತ್ತಿಬಿಟ್ಟ. ಗುರಪ್ಪ ಹಣೆಯ ವಿಭೂತಿಯನ್ನು ಮುಟ್ಟಿ ನೋಡಿಕೊಂಡು ಎದ್ದ.

ಮರುದಿನ ಶ್ರೀಶೈಲ ಅಂಗಡಿಗೆ ಬಂದವನು ಕಾಕಾನನ್ನು ಚೀಲಗಳ ಹಿಂದೆ ಕರೆದುಕೊಂಡು ಹೋದ. ಕೈಯಲ್ಲಿ ಒಂದು ಹಾಳೆ. ಶಾಲೆಯವರಿಂದ ತಾನಾಗಿ ಬಂದಿದ್ದ ಪ್ರತಿ ಅದು. ಚೌಕಕ್ಕೆ ಇಷ್ಟೇ ಅಕ್ಷರ ಎಂಬ ಮಿತಿ ಇತ್ತು. ಮಿತಿ ದಾಟಿದ್ದನ್ನು ಅದು ಸದ್ದಿಲ್ಲದೆ ಕತ್ತರಿಸಿತ್ತು.

"ಎಲ್ಲಿ ತನಕ ಹೋಗೇತಿ?"

"'ಆದರ' ತನಕ ರಿ."

"ಆದರ ಅಂದ ಮ್ಯಾಲ?"

"ಏನೂ ಇಲ್ರಿ ಕಾಕಾ."

ಗುರಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೇಲಿನ ಕೆಟ್ಟ ಕಾಯಿಯಷ್ಟೇ ಐರ್ಲೆಂಡು ಮುಟ್ಟಿತ್ತು. ಮುಚ್ಚಿಟ್ಟವಳು, ಸಿಟ್ಟಿನವಳು, ತಾಳ್ಮೆ ಇಲ್ಲದವಳು. ಕೆಳಗೆ ಕೈ ಹಾಕಲು ರಾಶಿಯೇ ಇರಲಿಲ್ಲ. "ವಾಪಸ್ ತರಸು," ಎಂದ, ಗಾಡಿ ಬಿಟ್ಟ ಮಾಲಿಗೆ ಅನ್ನುವಂತೆ.

ಶ್ರೀಶೈಲ ಅಂದೇ ಶಾಲೆಗೆ ಬರೆದ. ಒಮ್ಮೆ ಸಲ್ಲಿಸಿದ ಪತ್ರವನ್ನು ತಿದ್ದಲಾಗದು ಎಂಬ ಒಂದು ಸಾಲಿನ ಉತ್ತರ ಎರಡು ದಿನದ ಮೇಲೆ ಬಂತು. ಇನ್ನೊಮ್ಮೆ ಬರೆದ. ಉತ್ತರ ಬರಲಿಲ್ಲ. ಸುವರ್ಣಾಳಿಗೆ ಹೇಳೋಣವೆಂದರೆ, ಈ ಪತ್ರವನ್ನು ತಾನು ನೋಡುವುದಿಲ್ಲ ಎಂದು ಅವಳು ಅರ್ಜಿಯಲ್ಲೇ ಗುರುತು ಹಾಕಿ ಒಪ್ಪಿದ್ದಳು. "ಹೇಳಿದ್ದು ಗೊತ್ತಾತಂದ್ರ ಅರ್ಜೀನ ರದ್ದು ಮಾಡಬಹುದ್ರಿ," ಎಂದ ಶ್ರೀಶೈಲ. ಅವನಿಗೂ ಖಾತ್ರಿ ಇರಲಿಲ್ಲ. ತಾನು ಗಡಿಬಿಡಿಯಲ್ಲಿ ಒತ್ತಿದ ಗುಂಡಿಯ ಹೆದರಿಕೆ ಅವನದು.

ಅಂದಿನಿಂದ ಗುರಪ್ಪ ಬೇರೆ ಮನುಷ್ಯನಾದ. ದಿನಾ ಬೆಳಗ್ಗೆ ಹುಡುಗಿ ಎದುರಿಗೇ ಕೂತಿರುತ್ತಿದ್ದಳು. ಒಂದು ಬೆಳಗ್ಗೆ ಹೊರ್ತಿಯಿಂದ ಟೆಂಪೊದಲ್ಲಿ ಬಂದು, ಬುತ್ತಿ ಗಂಟನ್ನು ಮೊಳೆಗೆ ನೇತುಹಾಕಿ, "ಕಾಕಾರ, ನಿಮ್ಮ ಪತ್ರ ಮುಟ್ಟಿತಂತ ಬಂದೇತ್ರಿ," ಎಂದು ನಕ್ಕಳು. ಅವನು "ಹಾಂ" ಎಂದು ರಾಶಿಯ ಕಡೆ ತಿರುಗಿದ. ಫೋನು ಗುಂಯ್ ಎಂದರೆ ಎದ್ದು ದೂರ ಹೋಗುತ್ತಿದ್ದ. ಒಂದು ದಿನ ಅದನ್ನು ಲಿಂಬೆಯ ಬುಟ್ಟಿಯಲ್ಲಿ ಹೂತಿಟ್ಟ. ಹಮಾಲರು ಬುಟ್ಟಿಯನ್ನು ಹೈದರಾಬಾದಿನ ಗಾಡಿಗೆ ಏರಿಸಿಬಿಟ್ಟಿದ್ದರು, ಓಡಿಹೋಗಿ ಇಳಿಸಿಕೊಂಡು ಬಂದರು. ಎಲ್ಲರೂ ನಕ್ಕರು. ಅವನು ನಗಲಿಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲುವಾಗ ಬಾಯಲ್ಲಿ ಬರಬೇಕಾದ ಮಾತೇ ಬರಲಿಲ್ಲ. ಹೆಂಡತಿ ಹೊನ್ನವ್ವ ಸಜ್ಜೆ ರೊಟ್ಟಿ ಮುರಿದು ಕೈಗೆ ಕೊಟ್ಟರೆ ಹಿಡಿದುಕೊಂಡೇ ಕೂತ.

"ಏನಾಗೇತ್ರಿ ನಿಮಗ? ಎದಿ ನೋಯ್ತೈತೇನು?"

"ನೋಯೂದಿಲ್ಲ."

"ಮತ್ತ್ಯಾಕ ಹೆಣ ಕಂಡಂಗ ಕುಂತೀರಿ?"

ಅವನು ಅವಳಿಗೂ ಹೇಳಲಿಲ್ಲ. ಒಬ್ಬರಿಗೆ ಬಾಯಿ ಬಿಟ್ಟರೆ ಅದು ಹೇಗೋ ಸಮುದ್ರ ದಾಟಿ ಆ ಶಾಲೆಯವರ ಕಿವಿಗೆ ಬಿದ್ದು, ಹುಡುಗಿಯ ಹೆಸರು ಹೊಡೆದುಹೋಗುತ್ತದೆ ಎಂದು ಅವನು ನಂಬಿದ್ದ. ಯುಗಾದಿಯ ದಿನಗಳನ್ನು ಬೆರಳ ಮೇಲೆ ಎಣಿಸುತ್ತಿದ್ದ.

ಎಳ್ಳಮಾವಾಸ್ಯೆಯ ಮರುದಿನ ಸುವರ್ಣಾ ಅಂಗಡಿಗೆ ಓಡುತ್ತಲೇ ಬಂದಳು. ಸಂದರ್ಶನಕ್ಕೆ ಕರೆದಿದ್ದರು. ಬರುವ ಸೋಮವಾರ, ನಮ್ಮ ಮಧ್ಯಾಹ್ನ ಮೂರೂವರೆಗೆ, ಕಂಪ್ಯೂಟರಿನ ಮೇಲೆಯೇ. ಹಮಾಲರಿಗೆಲ್ಲ ಪೇಡೆ ಹಂಚಿದಳು. ಗುರಪ್ಪ ತನ್ನ ಪೇಡೆಯನ್ನು ಕಾಗದದಲ್ಲಿ ಸುತ್ತಿ ಗಾದಿಯ ಪಕ್ಕಕ್ಕಿಟ್ಟ. ಅವರು ಪತ್ರವನ್ನು ಮುಂದಿಟ್ಟುಕೊಂಡೇ ಕೇಳುತ್ತಾರೆ. ಏನೂ ಗೊತ್ತಿಲ್ಲದ ಹುಡುಗಿ ಏನು ಹೇಳುತ್ತಾಳೆ? ಮುಚ್ಚಿಟ್ಟವಳು ಎಂಬ ಮಾತು ಅಲ್ಲೇ ಗಟ್ಟಿಯಾಗುತ್ತದೆ.

ಗುರುವಾರ ಅವನು ಸವಾಲನ್ನು ಅರ್ಧಕ್ಕೆ ಬಿಟ್ಟು ಸಿಂದಗಿ ಬಸ್ ಹತ್ತಿದ. ಅವನಿಗೆ ಓದಿದವರ ಪೈಕಿ ಧೈರ್ಯವಾಗಿ ಮಾತಾಡಿಸಬಹುದಾದವರು ರಾಜೇಶ್ವರಿ ಒಬ್ಬರೇ. ಅವರು ಇಂಡಿಯಲ್ಲಿದ್ದಾಗ ಉಪ್ಪಿನಕಾಯಿಗೆ ಅವನ ಅಂಗಡಿಯಿಂದಲೇ ಕಾಯಿ ಒಯ್ಯುತ್ತಿದ್ದರು, ಮೇಲಿನ ಕೆಟ್ಟ ಕಾಯಿಯನ್ನು ಬೈಯುತ್ತಲೇ. ಕಾಲೇಜಿನ ಬೇವಿನ ಗಿಡದ ಕೆಳಗೆ ನಿಂತು ಅವನು ಎಲ್ಲ ಹೇಳಿದ.

"ಗುರಪ್ಪನವರ, ನೋಡೂದಿಲ್ಲಂತ ಗುರುತು ಹಾಕಿದಾಕಿ ಸುವರ್ಣಾ. ನೀವಲ್ಲ. ನೀವು ಹೇಳಬಾರದಂತ ಎಲ್ಲಿ ಬರದಾರ?"

"ಹೇಳಿದ ಮ್ಯಾಲ ಏನರ ಆತಂದ್ರ?"

"ಹೇಳದಿದ್ರ ಸೋಮವಾರ ಆಗ್ತೈತಲ್ಲ, ಅದಕ್ಕೇನ್ಮಾಡ್ತೀರಿ?"

"ಮೇಡಮ್ಮರ, ನೀವ ಒಂದ ಮಾತು..."

"ನಾ ಹೇಳಂಗಿಲ್ಲ. ಆ ಹುಡುಗಿ ಮೂರು ದಿನ ಮುಚ್ಚಿಟ್ಟಿದ್ದನ್ನ ನೀವು ಪತ್ರದಾಗ ಬರಸೀರಿ. ನೀವು ಮುಚ್ಚಿಟ್ಟು ಎಷ್ಟ ದಿನಾತು?"

ಅವನು ಬೆರಳು ಮಡಚಿ ನೋಡಿಕೊಂಡ. ಮೇಡಂ ಕೊಟ್ಟ ನೀರನ್ನು ಕುಡಿದು, ತಿರುಗಿ ಬಸ್ಸಿಗೆ ಹೋದ. ಅಷ್ಟು ಗಡುಸಾಗಿ ಅನ್ನಬಾರದಿತ್ತು ಎಂದು ಮೇಡಂಗೆ ಇಂದಿಗೂ ಅನ್ನಿಸುತ್ತದೆ.

ಶುಕ್ರವಾರ ಸವಾಲು ಮುಗಿದ ಮೇಲೆ ಸುವರ್ಣಾ ಜಾಳಿಗೆ ತೊಳೆಯುತ್ತಿದ್ದಳು. ಗುರಪ್ಪ ಆ ಹಾಳೆಯನ್ನು ಮುಂದೆ ಹಿಡಿದ. ಅವಳು ಕೈ ಹಿಂದೆ ಎಳೆದುಕೊಂಡಳು.

"ನಾ ನೋಡಂಗಿಲ್ರಿ. ಗುರುತು ಹಾಕೇನಿ."

"ನೋಡಬ್ಯಾಡ. ಕೇಳು."

ಇಂಗ್ಲಿಷ್ ಓದಲು ಬಾರದವನು, ತಾನು ಹೇಳಿದ್ದನ್ನೇ ಬಾಯಿಪಾಠ ಒಪ್ಪಿಸುವಂತೆ ಒಪ್ಪಿಸಿದ. ಅಮಸಿದ್ದ, ಮೂರು ದಿನ, ಸಿಟ್ಟು, ತಾಳ್ಮೆ. "ಆದರ," ಎಂದು ನಿಲ್ಲಿಸಿದ. "ಇಲ್ಲಿಗೆ ನಿಂತೈತಿ ಪತ್ರ. ಮುಂದಿಂದು ಹೋಗೇ ಇಲ್ಲ. ಚೌಕ ತುಂಬಿತ್ತು."

ಅವಳು ಜಾಳಿಗೆಯನ್ನು ನಳದ ಕೆಳಗೇ ಬಿಟ್ಟಳು. "ಮುಂದ ಏನಿತ್ತರಿ?"

"ಗುರುತು ತಪ್ಪಿ ಹಾಕಿದಾಂವ ನಾನು ಅಂತ."

"ನಿಮಗ ಗೊತ್ತಿತ್ತೇನ್ರಿ?"

"ಆ ಚೀಲ ಇನ್ನೂ ನನ್ನ ಕ್ವಾಣ್ಯಾಗ ಐತಿ. ನನ್ನ ಕೈ ಗೆರಿ ನನಗ ತಿಳಿಯೂದಿಲ್ಲೇನು?"

"ಮೂರು ವರ್ಷ ಯಾಕ ಹೇಳಲಿಲ್ರಿ?"

"ನೀ ಯಾಕ ಹೇಳಲಿಲ್ಲ?"

ನಳದ ನೀರು ಜಾಳಿಗೆಯ ಮೇಲೆ ಬೀಳುತ್ತಲೇ ಇತ್ತು. "ಅಷ್ಟ ಏನ್ರಿ? ಇನ್ನೇನೂ ಇರಲಿಲ್ಲ?" ಎಂದಳು.

"ಇತ್ತು. ಅದನ್ನ ಎದುರಿಗೆ ಹೇಳಬಾರದು. ದೃಷ್ಟಿ ಆಗ್ತೈತಿ."

ಆಗ ಅವಳಿಗೆ ಸಿಟ್ಟು ಬಂತು. ಅವನು ಪತ್ರದಲ್ಲಿ ಹೇಳಿದ ಸಿಟ್ಟೇ. "ಕಾಕಾರ, ಅವರು ನಮ್ಮ ಬಜಾರದ ಮಂದಿ ಅಲ್ರಿ, ಕೆಳಗ ಕೈ ಹಾಕಿ ನೋಡಾಕ. ಮ್ಯಾಲಿಂದು ನೋಡಿ ಮುಂದಿನ ರಾಶಿಗೆ ಹೋಗಿಬಿಡ್ತಾರ. ನಿಮಗದು ತಿಳೀಬೇಕಿತ್ತು." ನಳ ನಿಲ್ಲಿಸಿ, ಬುತ್ತಿ ಗಂಟು ತೆಗೆದುಕೊಂಡು ಹೋದಳು. ಶನಿವಾರ ಬರಲಿಲ್ಲ. ಭಾನುವಾರವೂ ಬರಲಿಲ್ಲ. ಗುರಪ್ಪ ಹೊರ್ತಿಯ ಪ್ರತಿ ಟೆಂಪೊ ಬಂದಾಗಲೂ ಎದ್ದು ನಿಂತು ನೋಡಿ ಕೂತ.

ಸೋಮವಾರ ಅವಳು ಅಂಗಡಿಗೆ ಬರದೆ ನೇರ ಶ್ರೀಶೈಲನಲ್ಲಿಗೇ ಹೋದಳು. ಕರೆಂಟು ಹೋದರೆ ಇರಲಿ ಎಂದು ಶ್ರೀಶೈಲ ಪಕ್ಕದ ಔಷಧ ಅಂಗಡಿಯಿಂದ ಬ್ಯಾಟರಿ ತಂದು ಜೋಡಿಸಿದ್ದ. ಗುರಪ್ಪ ಒಳಗೆ ಹೋಗಲಿಲ್ಲ. ಎದುರಿನ ದಿಲಾವರನ ಚಹಾ ಅಂಗಡಿಯ ಬಾಕಿನ ಮೇಲೆ ಕೂತು ಮುಚ್ಚಿದ ಬಾಗಿಲನ್ನೇ ನೋಡಿದ.

"ಏನ್ ಸಾವಕಾರ್ರ, ಸೊಸಿ ಹೆರಿಗಿಗೆ ಹೋದಂಗ ಕುಂತೀರಲ್ಲ," ಎಂದ ದಿಲಾವರ. "ಚಹಾ ಆರಿ ನೀರಾತು."

"ಇನ್ನೊಂದು ಕೊಡು."

"ಇದು ಮೂರನೇದು. ಒಂದೂ ಕುಡದಿಲ್ಲ."

"ಕೊಡಪಾ ನೀ."

ಇಪ್ಪತ್ತೈದು ನಿಮಿಷ. ಆಮೇಲೆ ಬಾಗಿಲು ತೆಗೆಯಿತು. ಸುವರ್ಣಾ ರಸ್ತೆ ದಾಟಿ ಬಂದು, ಅವನ ಪಕ್ಕದಲ್ಲಿ, ನಡುವೆ ಒಂದು ಮೊಳ ಬಿಟ್ಟು ಕೂತಳು.

"ಕೇಳಿದರೇನು?"

"ಮೊದಲಿಗೇ ಅದನ್ನ ಕೇಳಿದ್ರಿ."

"ಏನಂದಿ?"

"ಗುರುತು ತಪ್ಪಿದ್ದು ನಮ್ಮ ಸಾವಕಾರ್ರ ಕಣ್ಣಿಂದು. ಮುಚ್ಚಿಟ್ಟಿದ್ದು ನಾನು. ಅದಕ್ಕ ಯಾರ ಕಣ್ಣೂ ಕಾರಣ ಅಲ್ಲ ಅಂದೆ." ಅವಳು ದಿಲಾವರ ಕೊಟ್ಟ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು. "ಪತ್ರ ಯಾಕ ಅರ್ಧಕ್ಕ ನಿಂತೈತಿ ಅಂತ ಒಬ್ಬಾಂವ ಕೇಳಿದ. ಕೆಟ್ಟ ಕಾಯಿ ಮ್ಯಾಲಿಡೂದು ನಮ್ಮ ಅಂಗಡಿ ಪದ್ಧತಿ, ಅದರಾಗ ಚೌಕ ತುಂಬಿತು ಅಂದೆ."

"ನಕ್ಕರೇನು?"

"ಇಲ್ರಿ. ಒಬ್ಬಾಕಿ ಏನೋ ಬರಕೊಂಡ್ಲು."

"ಏನ ಬರಕೊಂಡ್ಲು?"

"ನಂಗೇನ ಗೊತ್ತು ಕಾಕಾರ?"

ಆ ಒಂದು ಮಾತು ಗುರಪ್ಪನನ್ನು ಮತ್ತೆ ಹಿಡಿಯಿತು. ಏನು ಬರೆದುಕೊಂಡಳು? ಮರುದಿನದಿಂದ ಸುವರ್ಣಾ ಎಂದಿನಂತೆ ಕೆಲಸಕ್ಕೆ ಬಂದಳು, ಬೈದಳು, ನಕ್ಕಳು. ಫಲಿತಾಂಶ ಫೆಬ್ರುವರಿಯಲ್ಲಿ ಎಂದಿದ್ದರು. ಗುರಪ್ಪನಿಗೆ ಮಾತ್ರ ಸಮಾಧಾನ ಸಿಗಲಿಲ್ಲ. ಸಂಕ್ರಮಣ ಕಳೆಯಿತು. ಬಸವನ ಬಾಗೇವಾಡಿಗೆ ಹೋಗಿ ಬಸವಣ್ಣನ ಮುಂದೆ ಕೂತು ಬಂದ. ಏನು ಬೇಡಿಕೊಂಡಿರಿ ಎಂದು ಹೊನ್ನವ್ವ ಕೇಳಿದರೆ, "ಏನೂ ಬೇಡಿಲ್ಲ. ನಡದದ್ದು ಹೇಳಿ ಬಂದೆ," ಎಂದನಂತೆ. ಹೊನ್ನವ್ವನಿಗೆ ಇಡೀ ಸಂಗತಿ ತಿಳಿದದ್ದು ಅಂದು, ವಾಪಸು ಬರುವ ಬಸ್ಸಿನಲ್ಲಿ.

ಜನವರಿ ಮುಗಿಯಲು ಎರಡು ದಿನ ಇರುವಾಗ, ಬೆಳಗಿನ ರಾಶಿ ಸುರಿದಿದ್ದರು. ಅವನು ಕುಕ್ಕರಗಾಲಲ್ಲಿ ಕೂತು ಕೆಟ್ಟ ಕಾಯಿ ಆರಿಸುತ್ತಿದ್ದ. ಹಾಗೇ ಪಕ್ಕಕ್ಕೆ ಒರಗಿದ. ರಾಶಿಗೆ ಒರಗಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾನೆ ಎಂದು ಹಮಾಲರು ತಿಳಿದರು. ಮೊದಲು ಹತ್ತಿರ ಹೋದವಳು ಸುವರ್ಣಾ. ಆಸ್ಪತ್ರೆಯ ತನಕ ಹೋಗುವಷ್ಟು ಹೊತ್ತೂ ಅವನು ಇರಲಿಲ್ಲ. ಅರವತ್ತಾರು ವರ್ಷ.

ಅಂಜಿಕೆಯೇ ಅವನನ್ನು ಕೊಂದಿತು ಎಂದು ಬರೆಯಲಾರೆವು. ಎದೆಯ ತೊಂದರೆ ಮೊದಲೇ ಇತ್ತು, ಗುಳಿಗೆ ಬಿಡುತ್ತಿದ್ದ. ಆದರೆ ಅಂಜಿಕೆ ಇಳಿಯುವ ಮೊದಲೇ ಅವನು ಹೋದ ಎಂಬುದು ನಿಜ.

ಒಂಬತ್ತನೇ ದಿನ ಪತ್ರ ಬಂತು. ಸುವರ್ಣಾಳಿಗೆ ಸೀಟು ಸಿಕ್ಕಿತ್ತು. ಆ ಪತ್ರದಲ್ಲಿ ಗುರಪ್ಪನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಅವನ ಅರ್ಧ ಪತ್ರ ನೆರವಾಯಿತೋ, ಅಡ್ಡ ಬಂದದ್ದನ್ನು ಅವಳು ದಾಟಿದಳೋ, ಅವರು ಅದನ್ನು ಎಣಿಸಲೇ ಇಲ್ಲವೋ, ನಮಗೆ ತಿಳಿಯಲಿಲ್ಲ. ಇನ್ನು ತಿಳಿಯುವುದೂ ಇಲ್ಲ. ಅವಳು ಅಪ್ಪನೊಡನೆ ಗುರಪ್ಪನ ಮನೆಗೆ ಬಂದು, ಪಡಸಾಲೆಯಲ್ಲಿ ಹೊನ್ನವ್ವನ ಮುಂದೆ ಕೂತು ಹೇಳಿದಳು. ಹೇಳುತ್ತ ಅತ್ತಳು. ಬೀರಣ್ಣ ಕಂಬಳಿಯ ಅಂಚನ್ನು ತಿರುವುತ್ತ, "ಕುರಿ ಅದಾವಂತಲ್ಲ ಅಲ್ಲಿ. ಹೋಗಿ ಬರಲಿ," ಎಂದ.

"ಒಂಬತ್ತ ದಿನ ಮೊದಲ ಬರಬಾರದಾಗಿತ್ತೇನು ಆ ಸುಡುಗಾಡ ಪತ್ರ," ಎಂದು ಹೊನ್ನವ್ವ ಅಂದಳು.

ಶ್ರೀಶೈಲ ಆ ನೋಟುಬುಕ್ಕನ್ನು ಸುವರ್ಣಾಳಿಗೆ ಕೊಟ್ಟ. ಇನ್ನು ಅರ್ಜಿಯಲ್ಲಿ ಹಾಕಿದ ಗುರುತಿನ ಕಟ್ಟು ಇಲ್ಲ, ಓದಬಹುದು ಎಂದ. ಅವಳು ಅದನ್ನು ಬುತ್ತಿಯ ಅರಿವೆಯಲ್ಲಿ ಸುತ್ತಿ ಒಯ್ದಳು. ವಾರದ ಮೇಲೆ ತಂದು ವಾಪಸು ಕೊಟ್ಟಳು. ಓದಿದಳೋ ಇಲ್ಲವೋ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಹೋದ ವಾರ ವೀಸಾಕ್ಕೆ ಒಂದು ಕಾಗದ ಬೇಕಾಯಿತು: ಇಂಥವಳು ಇಷ್ಟು ವರ್ಷ ನಮ್ಮಲ್ಲಿ ಕೆಲಸ ಮಾಡಿದ್ದಾಳೆ ಎಂದು ಅಂಗಡಿಯವರ ಪತ್ರ. ಅಂಗಡಿ ಈಗ ಹೊನ್ನವ್ವನ ಹೆಸರಿನಲ್ಲಿದೆ. ಶ್ರೀಶೈಲ ಬರೆದು, ಅಚ್ಚು ತೆಗೆದು, ಸಿಕ್ಕಾ ಒತ್ತಿ, ಸಹಿಗೆ ಮುಂದಿಟ್ಟ. ಹೊನ್ನವ್ವ ಪೆನ್ನು ಹಿಡಿದವಳು ಕೈ ತಡೆದಳು.

"ಓದು."

"ಕಾಕೂ, ಬರೇ ನಾಕ ಸಾಲು ಐತಿ. ನಾನ ಬರದೇನಿ."

"ಆಗೂ ನೀನ ಬರದಿದ್ದಿ. ಓದು."

ಅವನು ಓದಿದ, ಕನ್ನಡದಲ್ಲಿ, ಒಂದೊಂದೇ ಸಾಲು. ಬಾಗಿಲಲ್ಲಿ ನಿಂತಿದ್ದ ಸುವರ್ಣಾ ನೆಲ ನೋಡುತ್ತಿದ್ದಳು.

"ಮುಗೀತೇನು?"

"ಮುಗೀತ್ರಿ."

"ಕಡೀ ಮಾತು ಹಾಳಿ ಮ್ಯಾಲ ಬಂದೈತೇನ್ ಬಟ್ಟು ಇಟ್ಟು ತೋರಸು."

ಶ್ರೀಶೈಲ ಹಾಳೆಯ ಕೊನೆಯ ಪದದ ಮೇಲೆ ಬೆರಳಿಟ್ಟು, ಎತ್ತದೆ ಹಿಡಿದ. ಹೊನ್ನವ್ವ ಬಗ್ಗಿ, ಓದಲು ಬಾರದ ಆ ಇಂಗ್ಲಿಷ್ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅದರ ಕೆಳಗೆ, ಜಾಗ ಬಿಡದೆ, ತನ್ನ ಹೆಸರು ಬರೆದಳು.